ತೈಲವರ್ಣ ಚಿತ್ರದ ಮೊದಲ ದಿನಗಳು

ಸಭಾಭವನಗಳ ಗೋಡೆಯ ಮೇಲೆ ಸಂಸ್ಥಾಪಕರ, ದಾನಿಗಳ, ಹಿರಿಯ ಗುರುಗಳ ತೈಲವರ್ಣ ಭಾವಚಿತ್ರಗಳನ್ನು ತೂಗುಹಾಕುವ ಪದ್ಧತಿ ನಮ್ಮ ನಾಡಿನಲ್ಲಿ ಬೇರೂರಿ ನೂರು ವರ್ಷಗಳಿಗೂ ಮಿಕ್ಕಿದೆ. ಅನಾವರಣದ ದಿನ ಆ ಚಿತ್ರಗಳೆಲ್ಲವೂ ಒಂದೇ ಸಮನೆ ಹೊಳೆಯುತ್ತವೆ. ಮೂವತ್ತು ನಲವತ್ತು ವರ್ಷಗಳ ಬಳಿಕ ಹತ್ತಿರ ಹೋಗಿ ನೋಡಿದವರಿಗೆ ಕಾಣುವ ನೋಟ ಬೇರೆ. ಒಂದರಲ್ಲಿ ಕಪ್ಪು ಕೋಟಿನ ಭಾಗವು ಬೇಸಿಗೆಯ ಎರೆಹೊಲದಂತೆ ಬಿರಿದಿರುತ್ತದೆ. ಇನ್ನೊಂದರಲ್ಲಿ ಬಣ್ಣವು ಹಪ್ಪಳದಂತೆ ಎದ್ದು, ಅದರಡಿಯ ಬರಿಯ ಬಟ್ಟೆ ಇಣುಕುತ್ತದೆ. ಅದೇ ಗೋಡೆಯ ಮೇಲೆ, ಅದೇ ಗಾಳಿಯಲ್ಲಿ, ಇವೆರಡಕ್ಕಿಂತಲೂ ಹಳೆಯದಾದ ಮೂರನೆಯ ಚಿತ್ರವೊಂದು ಗೀಟೂ ಬೀಳದೆ ನಿಂತಿರುವುದುಂಟು. ದೋಷವನ್ನು ಗೋಡೆಯ ತೇವದ ಮೇಲೋ ಬಣ್ಣದ ತಯಾರಕರ ಮೇಲೋ ಹೊರಿಸುವುದು ವಾಡಿಕೆ. ಅವರ ಪಾಲೂ ಇಲ್ಲದಿಲ್ಲ. ಆದರೆ ಇಂತಹ ಹಾನಿಯ ಮೂಲವನ್ನು ಹುಡುಕಿಕೊಂಡು ಹೊರಟರೆ, ಬಹಳ ಸಲ ಅದು ಚಿತ್ರ ಆರಂಭವಾದ ಮೊದಲ ಕೆಲವು ದಿನಗಳಿಗೇ ಹೋಗಿ ಮುಟ್ಟುತ್ತದೆ. ಮುಖದ ಹೋಲಿಕೆ ಬಂತೇ ಇಲ್ಲವೇ ಎಂಬುದನ್ನು ನೋಡುವವರು ಅನೇಕರು. ಮುಖ ಮೂಡುವುದಕ್ಕೆ ಮುಂಚೆ ಏನು ನಡೆಯಿತು ಎಂದು ಕೇಳುವವರು ವಿರಳ.

ತೈಲವರ್ಣದ ಸ್ವಭಾವವನ್ನು ತಿಳಿಯದೆ ಅದರ ಆರಂಭವನ್ನು ತಿಳಿಯಲು ಸಾಧ್ಯವಿಲ್ಲ. ಜಲವರ್ಣದಲ್ಲಿ ನೀರು ಆವಿಯಾಗಿ ಹೋಗುತ್ತದೆ, ಬಣ್ಣ ಉಳಿಯುತ್ತದೆ; ಒಣಗುವುದೆಂದರೆ ಅಲ್ಲಿ ಇಷ್ಟೇ. ಎಣ್ಣೆ ಹಾಗಲ್ಲ. ಅದು ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು, ತನ್ನ ಕಣಗಳನ್ನು ಒಂದಕ್ಕೊಂದು ಬಲೆಯಂತೆ ಹೆಣೆದುಕೊಂಡು, ಗಟ್ಟಿಯಾದ ಪೊರೆಯಾಗಿ ಮಾರ್ಪಡುತ್ತದೆ. ಆದುದರಿಂದಲೇ ಒಣಗುವ ಮೊದಲ ಹಂತದಲ್ಲಿ ಎಣ್ಣೆಯ ತೂಕ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಈ ಕ್ರಿಯೆ ಮೇಲ್ಮೈಯಲ್ಲಿ ಮೊದಲಾಗಿ ಒಳಕ್ಕೆ ನಿಧಾನವಾಗಿ ಇಳಿಯುವುದರಿಂದ, ಬೆರಳಿಗೆ ಒಣಗಿದಂತೆ ತೋರುವ ಬಣ್ಣ ಒಳಗೆ ಹಸಿಯಾಗಿಯೇ ಇರಬಹುದು. ಎಲ್ಲ ಎಣ್ಣೆಗಳಿಗೂ ಈ ಗುಣವಿಲ್ಲ. ಶೇಂಗಾ ಎಣ್ಣೆಯಲ್ಲಿ, ಕೊಬ್ಬರಿ ಎಣ್ಣೆಯಲ್ಲಿ ಬಣ್ಣವನ್ನು ಅರೆದು ವರ್ಷಗಟ್ಟಲೆ ಕಾದರೂ ಅದು ಗಟ್ಟಿಯಾಗದು. ಅಗಸೆ, ಅಕ್ರೋಟ, ಗಸಗಸೆ, ಕುಸುಬೆ, ಈ ನಾಲ್ಕರ ಎಣ್ಣೆಗಳೇ ಚಿತ್ರಕಾರನಿಗೆ ಒದಗಿಬಂದಿರುವಂಥವು. ಇವುಗಳಲ್ಲಿ ಅಗಸೆ, ಕುಸುಬೆ ಎರಡೂ ಉತ್ತರ ಕರ್ನಾಟಕದ ಎರೆಭೂಮಿಯ ಹಿಂಗಾರಿ ಬೆಳೆಗಳು. ಅಗಸೆ ಎಣ್ಣೆಯ ಪಾತ್ರೆಯನ್ನು ತೊಳೆಯದೆ ಮೂಲೆಗೆ ಸರಿಸಿದ ಗೃಹಿಣಿಗೆ, ಉಗುರಿನಿಂದ ಕೆರೆದರೂ ಬಿಡದ ಅಂಟುಪೊರೆಯ ಪರಿಚಯ ಇದ್ದೇ ಇದೆ. ಯುರೋಪಿನ ಚಿತ್ರಕಲೆಯ ಐದಾರು ಶತಮಾನಗಳ ವೈಭವ ನಿಂತಿರುವುದು ಆ ಅಂಟುಪೊರೆಯ ಮೇಲೆ.

ಈ ಪೊರೆಯ ಗುಣವನ್ನು ಮೊದಲು ಕಂಡುಕೊಂಡವನು ಫ್ಲಾಂಡರ್ಸಿನ ಯಾನ್ ವಾನ್ ಐಕ್ ಎಂದು ಹದಿನಾರನೆಯ ಶತಮಾನದ ಇಟಲಿಯ ಲೇಖಕ ವಸಾರಿ ಬರೆದಿಟ್ಟನು. ಪಠ್ಯಪುಸ್ತಕಗಳು ಅದನ್ನೇ ಬಹುಕಾಲ ಹೇಳುತ್ತ ಬಂದವು. ಅದು ನಿಜವಲ್ಲ. ಹನ್ನೆರಡನೆಯ ಶತಮಾನದ ಥಿಯೋಫಿಲಸ್ ಎಂಬ ಕ್ರೈಸ್ತ ಸನ್ಯಾಸಿಯ ಗ್ರಂಥದಲ್ಲಿಯೇ ಅಗಸೆ ಎಣ್ಣೆಯಲ್ಲಿ ಬಣ್ಣ ಅರೆಯುವ ವಿಧಾನವಿದೆ. ಅಫಘಾನಿಸ್ತಾನದ ಬಾಮಿಯಾನ್ ಗುಹೆಗಳಲ್ಲಿರುವ, ಸುಮಾರು ಏಳನೆಯ ಶತಮಾನದ ಬೌದ್ಧ ಭಿತ್ತಿಚಿತ್ರಗಳ ಬಣ್ಣದಲ್ಲಿ ಒಣಗುವ ಎಣ್ಣೆ ಸೇರಿರುವುದನ್ನು 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ವಾನ್ ಐಕ್‌ನ ಹಿರಿಮೆ ಎಣ್ಣೆಯನ್ನು ಕಂಡುಹಿಡಿದುದರಲ್ಲಿಲ್ಲ. ತೆಳುವಾದ ಪದರಗಳನ್ನು ಒಂದರ ಮೇಲೊಂದು, ಯಾವುದರ ಕೆಳಗೆ ಯಾವುದಿರಬೇಕೆಂದು ಅರಿತು, ಇಳಿಸಿದುದರಲ್ಲಿದೆ. ಆತನು 1434ರಲ್ಲಿ ಮುಗಿಸಿದ ಅರ್ನೋಲ್ಫಿನಿ ದಂಪತಿಗಳ ಚಿತ್ರ ಇಂದಿಗೂ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಬಣ್ಣಗುಂದದೆ ಇದೆ.

ಪದರಗಳ ಲೆಕ್ಕ ಮೊದಲಾಗುವುದು ಬಟ್ಟೆಯಿಂದ. ಇಲ್ಲಿ ಪ್ರಕೃತಿಯ ಒಂದು ವಿಚಿತ್ರವಿದೆ. ಚಿತ್ರಕ್ಕೆ ಅತ್ಯುತ್ತಮವೆನಿಸಿದ ಲಿನನ್ ಬಟ್ಟೆ ಅಗಸೆಯ ಕಾಂಡದ ನಾರಿನಿಂದ ಆದದ್ದು. ಬಣ್ಣದ ಎಣ್ಣೆ ಅದೇ ಗಿಡದ ಬೀಜದಿಂದ ಬಂದದ್ದು. ಒಂದೇ ಗಿಡದ ಮಕ್ಕಳಾದರೂ ಇವು ನೇರವಾಗಿ ಕೂಡಿ ಬಾಳಲಾರವು. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಆಮ್ಲವು ನಾರನ್ನು ಕ್ರಮೇಣ ತಿಂದು ಹಾಕುತ್ತದೆ. ಬರಿಯ ಬಟ್ಟೆಯ ಮೇಲೆ ತೈಲವರ್ಣವನ್ನು ಹಚ್ಚಿದರೆ ಕೆಲವು ದಶಕಗಳಲ್ಲಿ ಬಟ್ಟೆ ಕಂದಾಗಿ, ಮಡಚಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಹತ್ತಿಯ ಕ್ಯಾನ್ವಾಸಿಗೂ ಇದೇ ಗತಿ. ಆದುದರಿಂದ ಎರಡರ ನಡುವೆ ಒಂದು ಮರೆ ಬೇಕು. ಹಿಂದಿನವರು ಚರ್ಮದಿಂದ ಕಾಯಿಸಿ ತೆಗೆದ ಸರೇಸನ್ನು ಬಿಸಿನೀರಿನಲ್ಲಿ ತೆಳುವಾಗಿ ಕರಗಿಸಿ ಬಟ್ಟೆಗೆ ಬಳಿಯುತ್ತಿದ್ದರು. ಅದು ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನೋ ಸೀಸದ ಬಿಳಿಯನ್ನೋ ಸೇರಿಸಿದ ಲೇಪವನ್ನು ಕೊಡುತ್ತಿದ್ದರು. ಸರೇಸು ಎಣ್ಣೆಯನ್ನು ತಡೆಯುತ್ತದೆ ನಿಜ. ಆದರೆ ಮಳೆಗಾಲದ ತೇವದಲ್ಲಿ ಉಬ್ಬಿ ಸಡಿಲವಾಗುತ್ತದೆ, ಬೇಸಿಗೆಯಲ್ಲಿ ಬಿಗಿದು ಎಳೆಯುತ್ತದೆ. ವರ್ಷಕ್ಕೊಮ್ಮೆ ಹೀಗೆ ಉಸಿರಾಡುವ ಬಟ್ಟೆಯ ಮೇಲೆ, ವರ್ಷದಿಂದ ವರ್ಷಕ್ಕೆ ಗಡುಸಾಗುತ್ತ ಹೋಗುವ ಬಣ್ಣದ ಪೊರೆ ಎಷ್ಟು ದಿನ ಬಿರಿಯದೆ ಇದ್ದೀತು? ಮುಂಗಾರು ಬಿರುಸಾಗಿರುವ ನಮ್ಮ ಸೀಮೆಗಳಲ್ಲಿ ಇದು ದೊಡ್ಡ ಪ್ರಶ್ನೆ. 1950ರ ದಶಕದಿಂದೀಚೆಗೆ ಬಳಕೆಗೆ ಬಂದಿರುವ ಅಕ್ರಿಲಿಕ್ ಲೇಪ ಈ ತೊಡಕನ್ನು ಬಹುಮಟ್ಟಿಗೆ ನೀಗಿದೆ. ಅದು ನೀರಿನಲ್ಲಿ ಬೆರೆಯುತ್ತದೆ, ಕೆಲವು ಗಂಟೆಗಳಲ್ಲಿ ಒಣಗುತ್ತದೆ, ಬಟ್ಟೆಯೊಂದಿಗೆ ಬಾಗುತ್ತದೆ. ಪ್ರಾಣಿಜನ್ಯ ಸರೇಸನ್ನು ಮುಟ್ಟಲೊಲ್ಲದವರಿಗೂ ಅದರಿಂದ ಅನುಕೂಲ. ಬಟ್ಟೆಯನ್ನು ಮೂಲೆಗಳಲ್ಲಿ ಬೆಣೆಗಳಿರುವ ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಈ ಲೇಪವನ್ನು ಒಮ್ಮೆ ಅಡ್ಡಲಾಗಿ, ಒಣಗಿದ ಮೇಲೆ ಇನ್ನೊಮ್ಮೆ ಉದ್ದಲಾಗಿ ಎರಡು ಮೂರು ಸಲ ಕೊಟ್ಟು, ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಎರಡು ಮೂರು ದಿನ ಬಿಟ್ಟರೆ ನೆಲ ಸಿದ್ಧವಾಯಿತು. ಖರ್ಚು ಉಳಿಸಲೆಂದು ಕಿಟಕಿ ಬಾಗಿಲುಗಳಿಗೆ ಬಳಿಯುವ ಬಿಳಿಯ ಎನಾಮಲ್ಲನ್ನು ಹಚ್ಚಿ ಮುಗಿಸುವ ಅಭ್ಯಾಸ ಮಾತ್ರ ನಿಲ್ಲಬೇಕು. ಕನ್ನಡಿಯಂತೆ ನುಣುಪಾದ ಆ ಮೈಮೇಲೆ ಮುಂದಿನ ಬಣ್ಣಕ್ಕೆ ಹಿಡಿತವೇ ಇರುವುದಿಲ್ಲ. ಜಿಂಕ್ ವೈಟ್ ಎಂದು ಮಾರುವ ಸತುವಿನ ಬಿಳಿಯೂ ನೆಲಕ್ಕೆ ಒಗ್ಗದು. ಎಣ್ಣೆಯೊಂದಿಗೆ ಸೇರಿ ಅದು ಪೆಡಸಾಗುವುದೆಂದೂ, ಮೇಲಿನ ಪದರಗಳು ಹಕ್ಕಳಿಕೆಯಾಗಿ ಏಳುವುದೆಂದೂ ಈಚಿನ ಪರಿಶೀಲನೆಗಳು ತೋರಿಸಿವೆ.

ನೆಲವನ್ನು ಕಡೆಗಣಿಸಿದರೆ ಪ್ರತಿಭೆಯೂ ಕಾಪಾಡಲಾರದು ಎಂಬುದಕ್ಕೆ ಲಿಯೊನಾರ್ಡೊ ಡ ವಿಂಚಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಮಿಲಾನ್ ನಗರದ ಒಂದು ಕ್ರೈಸ್ತ ಮಠದ ಊಟದ ಮನೆಯ ಗೋಡೆಯ ಮೇಲೆ ಆತನು 1495ರಿಂದ 1498ರವರೆಗೆ ‘ಕೊನೆಯ ಭೋಜನ’ವನ್ನು ಬರೆದನು. ಹಸಿ ಗಾರೆಯ ಮೇಲೆ ಅವಸರವಸರವಾಗಿ ಬರೆಯುವ ರೂಢಿಯ ವಿಧಾನ, ತಿದ್ದುತ್ತ ತಡೆಯುತ್ತ ಕೆಲಸ ಮಾಡುವ ಆತನಿಗೆ ಹಿಡಿಸಲಿಲ್ಲ. ಒಣಗೋಡೆಗೆ ಲೇಪ ಕೊಟ್ಟು ಎಣ್ಣೆ ಮತ್ತು ಮೊಟ್ಟೆಯ ಬಂಧಕಗಳಿದ್ದ ಬಣ್ಣ ಹಚ್ಚಿದನು. ಆ ನೆಲ ಗೋಡೆಯನ್ನು ಹಿಡಿಯಲಿಲ್ಲ. ಇಪ್ಪತ್ತು ವರ್ಷ ತುಂಬುವುದರೊಳಗೆ ಚಿತ್ರ ಕೆಡಲಾರಂಭಿಸಿತು. 1566ರಲ್ಲಿ ಅದನ್ನು ನೋಡಿದ ವಸಾರಿಗೆ ಕಂಡದ್ದು ಕಲೆಗಳ ಒಂದು ಗೊಂದಲ ಮಾತ್ರ. ಕಳೆದ ಶತಮಾನದ ಎಪ್ಪತ್ತರ ದಶಕದ ಕೊನೆಯಲ್ಲಿ ಮೊದಲಾಗಿ 1999ರಲ್ಲಿ ಮುಗಿದ ಸಂರಕ್ಷಣೆಯ ಕೆಲಸಕ್ಕೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಬರೆಯಲು ಹಿಡಿದ ಕಾಲದ ಆರೇಳು ಪಟ್ಟು!

ನೆಲ ಸಿದ್ಧವಾದ ಮೇಲೆ ಚಿತ್ರಕಾರನ ಮುಂದೆ ನಿಲ್ಲುವುದು ಬಿಳುಪು. ಹೊಸಬನು ಅಂಜುವುದು ಇಲ್ಲಿಯೇ. ಆ ಅಂಜಿಕೆ ಕೇವಲ ಮನಸ್ಸಿನದಲ್ಲ, ಕಣ್ಣಿನದೂ ಹೌದು. ಅಚ್ಚ ಬಿಳಿಯ ಪಕ್ಕದಲ್ಲಿ ಇಟ್ಟ ಯಾವ ಬಣ್ಣವಾದರೂ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಕೆನ್ನೆಯ ಬಣ್ಣ ಸರಿಯಾಗಿದ್ದರೂ ಹೆಚ್ಚು ಕಪ್ಪಾಯಿತೆಂದು ಭ್ರಮಿಸಿ ಬಿಳಿಯನ್ನು ಬೆರೆಸುತ್ತಾನೆ. ಇಡೀ ಕ್ಯಾನ್ವಾಸು ತುಂಬಿದ ಮೇಲೆ ನೋಡಿದರೆ ಮುಖಕ್ಕೆ ಸುಣ್ಣ ಬಳಿದಂತಿರುತ್ತದೆ. ಇದಕ್ಕೆ ಹಳಬರು ಕಂಡುಕೊಂಡ ಪರಿಹಾರ ಸುಲಭವಾದುದು. ಕಾವಿಯನ್ನೋ ಅಂಬರ್ ಎಂಬ ಕಂದುಮಣ್ಣನ್ನೋ ಟರ್ಪೆಂಟೈನಿನಲ್ಲಿ ನೀರುನೀರಾಗಿ ಕಲಸಿ, ಬಿಳಿಯ ನೆಲದ ಮೇಲೆಲ್ಲ ಹರಡಿ, ಬಟ್ಟೆಯಿಂದ ಒರೆಸಿಬಿಡುವುದು. ಬಿಳುಪು ಅಡಗಿ, ಬೆಳಕಿಗೂ ನೆರಳಿಗೂ ನಡುವಣದಾದ ಒಂದು ಹದ ಬರುತ್ತದೆ. ಅಲ್ಲಿಂದ ಮುಂದೆ ಕಪ್ಪು ಕಪ್ಪಾಗಿಯೂ ಬೆಳಕು ಬೆಳಕಾಗಿಯೂ ಕಾಣತೊಡಗುತ್ತವೆ. ಈ ಕೆಲಸಕ್ಕೆ ಅಂಬರನ್ನು ಆರಿಸುವುದಕ್ಕೆ ಇನ್ನೊಂದು ಕಾರಣವೂ ಇದೆ: ಆ ಮಣ್ಣಿನಲ್ಲಿರುವ ಮ್ಯಾಂಗನೀಸು ಎಣ್ಣೆಯನ್ನು ಬೇಗ ಒಣಗಿಸುತ್ತದೆ.

ಮುಂದಿನದು ರೇಖೆ. ಮೈಸೂರು ಸಂಪ್ರದಾಯದ ಚಿತ್ರಕಾರರು ಹುಣಿಸೆಯ ನೆಟ್ಟನೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಅವರ ಚಿತ್ರ ತೈಲವರ್ಣದ್ದಲ್ಲವಾದರೂ ಆ ಇದ್ದಿಲು ಇಲ್ಲಿಯೂ ಸಲ್ಲುತ್ತದೆ. ಸೀಸದ ಕಡ್ಡಿಗಿಂತ ಇದ್ದಿಲು ಮೇಲು. ತಪ್ಪಿದ ಗೆರೆಯನ್ನು ಒಂದು ಬಟ್ಟೆಯ ತುಂಡಿನಿಂದ ತಟ್ಟಿದರೆ ಉದುರಿಹೋಗುತ್ತದೆ. ಸರಿಯೆನಿಸಿದ ಗೆರೆಗಳ ಮೇಲೆ ತೆಳುವಾದ ಅಂಬರಿನಿಂದ ಕುಂಚ ಆಡಿಸಿ ಉಳಿದ ಪುಡಿಯನ್ನು ಕೊಡವಿಬಿಡಬೇಕು. ಭಾವಚಿತ್ರಗಳನ್ನು ಛಾಯಾಚಿತ್ರದಿಂದ ಚೌಕಳಿ ಹಾಕಿ ಹಿಗ್ಗಿಸಿ ಬರೆಯುವುದು ಈಗ ಸಾಮಾನ್ಯ. ಅದರಲ್ಲಿ ಕೀಳೇನೂ ಇಲ್ಲ. ಆದರೆ ಚೌಕಳಿಯ ಗೀಟುಗಳನ್ನು ಗಾಢವಾಗಿ ಎಳೆದು, ಮೇಲಿನ ಬಣ್ಣದಲ್ಲಿ ಮುಚ್ಚಿಹೋಗುತ್ತವೆಂದು ನಂಬುವುದು ತಪ್ಪು. ತೈಲವರ್ಣವು ವಯಸ್ಸಾದಂತೆ ಹೆಚ್ಚು ಹೆಚ್ಚು ಪಾರದರ್ಶಕವಾಗುತ್ತದೆ. ಡಚ್ ಚಿತ್ರಕಾರ ಪೀಟರ್ ಡ ಹೋಖ್ 1658ರ ಸುಮಾರಿನಲ್ಲಿ ಒಂದು ಒಳಮನೆಯ ದೃಶ್ಯವನ್ನು ಬರೆಯುವಾಗ ನೆಲದ ಹಾಸುಗಳನ್ನು ಮೊದಲು ಬರೆದುಕೊಂಡು, ಅವುಗಳ ಮೇಲೆ ಕೆಲಸದವಳೊಬ್ಬಳನ್ನು ನಿಲ್ಲಿಸಿದನು. ಇಂದು ಆಕೆಯ ಲಂಗದೊಳಗಿಂದ ಆ ಹಾಸುಗಳ ಕರಿಬಿಳಿ ಚೌಕಗಳು ನಿಚ್ಚಳವಾಗಿ ಕಾಣುತ್ತವೆ.

ಇಲ್ಲಿಯವರೆಗಿನ ಕೆಲಸವನ್ನು ಮುಗಿದ ಚಿತ್ರದಲ್ಲಿ ನೋಡಲು ಬರುವಂತಿಲ್ಲ. ಅತಿರಕ್ತ ಕಿರಣಗಳ ಛಾಯಾಗ್ರಹಣ, ಕ್ಷಕಿರಣ ಮುಂತಾದ ಉಪಾಯಗಳಿಂದ ಈಗ ಪದರಗಳ ಕೆಳಗೆ ಇಣುಕಬಹುದು. ಅರ್ನೋಲ್ಫಿನಿಯ ಕೈಯ ಭಂಗಿಯನ್ನೂ ಪಾದಗಳ ಸ್ಥಾನವನ್ನೂ ವಾನ್ ಐಕ್ ಬದಲಾಯಿಸಿದ್ದು ಹೀಗೆಯೇ ತಿಳಿದುಬಂತು. ಆದರೆ ಬರಿಗಣ್ಣಿಗೆ ಪಾಠ ಹೇಳುವವು ಮುಗಿಯದೆ ಉಳಿದ ಚಿತ್ರಗಳು. ಆಂಟ್‌ವರ್ಪಿನಲ್ಲಿ ವಾನ್ ಐಕ್‌ನ ‘ಸಂತ ಬಾರ್ಬರಾ’ ಇದೆ. ಸುಮಾರು ಒಂದೂವರೆ ಗೇಣು ಎತ್ತರದ ಹಲಗೆ. 1437ನೆಯ ಇಸವಿ ಅದರ ಮೇಲೆಯೇ ಇದೆ. ಬಿಳಿಯ ಲೇಪದ ಮೇಲೆ ಗೋಪುರದ ಒಂದೊಂದು ಕಲ್ಲನ್ನೂ, ಸೆರಗಿನ ಒಂದೊಂದು ಮಡಿಕೆಯನ್ನೂ ಸೂಕ್ಷ್ಮರೇಖೆಗಳಲ್ಲಿ ಬರೆದಿದ್ದಾನೆ. ಬಣ್ಣ ಬಹುಮಟ್ಟಿಗೆ ಆಕಾಶದಲ್ಲಷ್ಟೇ ಇದೆ. ಅದು ಅಪೂರ್ಣವೋ, ಅಷ್ಟನ್ನೇ ಉದ್ದೇಶಿಸಿದ್ದನೋ ಎಂಬ ಚರ್ಚೆ ಇನ್ನೂ ನಿಂತಿಲ್ಲ. ಲಿಯೊನಾರ್ಡೊನ ಆರಂಭ ಇದಕ್ಕೆ ತೀರ ವಿರುದ್ಧವಾದುದು. ಫ್ಲಾರೆನ್ಸಿನ ಬಳಿಯ ಒಂದು ಮಠದ ಸನ್ಯಾಸಿಗಳು 1481ರಲ್ಲಿ ಆತನಿಗೆ ‘ಜ್ಞಾನಿಗಳ ಆರಾಧನೆ’ ಎಂಬ ಚಿತ್ರವನ್ನು ಒಪ್ಪಿಸಿದರು. ಅರ್ಧಕ್ಕೇ ಬಿಟ್ಟು ಆತನು ಮಿಲಾನಿಗೆ ಹೊರಟುಹೋದನು. ಸನ್ಯಾಸಿಗಳು ಹತ್ತಾರು ವರ್ಷ ಕಾದು, ಕೊನೆಗೆ ಫಿಲಿಪ್ಪಿನೊ ಲಿಪ್ಪಿಯಿಂದ ಬೇರೊಂದನ್ನು ಬರೆಯಿಸಿಕೊಂಡರು. ಅವರಿಗಾದ ನಷ್ಟ ಲೋಕಕ್ಕೆ ಲಾಭವಾಯಿತು. ಉಫಿಜಿ ಸಂಗ್ರಹಾಲಯದಲ್ಲಿರುವ ಆ ದೊಡ್ಡ ಹಲಗೆಯ ಮೇಲೆ ಒಬ್ಬ ಮಹಾಕಲಾವಿದನ ಮೊದಲ ದಿನಗಳು ಹಾಗೆಯೇ ನಿಂತಿವೆ. ಬಣ್ಣವೆಂಬುದು ಇಲ್ಲವೇ ಇಲ್ಲ ಎನ್ನಬಹುದು. ಕಂದಿನ ಮಬ್ಬಿನೊಳಗಿಂದ ಮುಖಗಳು, ಕೈಗಳು, ಕುದುರೆಗಳು ಎದ್ದು ಬರುತ್ತಿವೆ. ಎಲ್ಲೆಲ್ಲಿ ನೆರಳು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಬೆಳಕನ್ನು ನೆಲದ ಬಿಳುಪಿಗೇ ಬಿಟ್ಟುಕೊಟ್ಟಿದ್ದಾನೆ. ಕೆಲವು ಆಕೃತಿಗಳ ಭಂಗಿ ಇನ್ನೂ ನಿಶ್ಚಯವಾಗಿಲ್ಲ. ಗೆರೆಯ ಮೇಲೆ ಗೆರೆ ಹಾಯ್ದಿದೆ. ಆರಂಭದಲ್ಲಿಯೇ ಎಲ್ಲವೂ ಖಚಿತವಾಗಿರಬೇಕೆಂದು ಒತ್ತಾಯಿಸುವ ಶಿಕ್ಷಕರು ಇದನ್ನು ಒಮ್ಮೆ ನೋಡಬೇಕು.

ಇಂತಹ ದರ್ಶನ ನಮ್ಮವರಿಗೆ ಸುಲಭವಾಗಿ ಸಿಕ್ಕಿರಲಿಲ್ಲ. ರಾಜಾ ರವಿವರ್ಮ ತಿರುವನಂತಪುರದ ಅರಮನೆಯಲ್ಲಿ ತೈಲವರ್ಣ ಕಲಿಯಲು ಹಂಬಲಿಸಿದಾಗ, ಅದನ್ನು ಬಲ್ಲ ಅಲ್ಲಿಯ ಚಿತ್ರಕಾರನು ಹೇಳಿಕೊಡಲು ಒಪ್ಪಲಿಲ್ಲ. 1868ರಲ್ಲಿ ಬಂದ ಥಿಯೋಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ತಾನು ಕೆಲಸ ಮಾಡುವುದನ್ನು ನೋಡಲು ಮಾತ್ರ ಅಪ್ಪಣೆ ಕೊಟ್ಟನು. ಇಪ್ಪತ್ತರ ಹರೆಯದ ತರುಣನು ನೋಡಿಯೇ ಕಲಿತನು. 1885ರಲ್ಲಿ ಮೈಸೂರಿನ ಅರಮನೆಗೆ ಬಂದು ರಾಜಮನೆತನದ ಭಾವಚಿತ್ರಗಳನ್ನು ಬರೆದುಕೊಟ್ಟನು. ಆತನ ಕೃತಿಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಇಂದಿಗೂ ಕಾಣಬಹುದು. ಮುಗಿದ ಚಿತ್ರವನ್ನು ಎಷ್ಟು ಹೊತ್ತು ನೋಡಿದರೂ ದಕ್ಕದ ವಿದ್ಯೆ, ಇನ್ನೊಬ್ಬನು ಆರಂಭಿಸುವುದನ್ನು ನೋಡಿದರೆ ದಕ್ಕುತ್ತದೆ. ಚಿತ್ರಕಲಾ ಶಿಕ್ಷಕರಿರುವ ಶಾಲೆಗಳಲ್ಲಿ ಮಕ್ಕಳಿಗೆ ಮುಗಿದ ಮಾದರಿಯನ್ನು ಕೊಟ್ಟು ನಕಲು ಮಾಡಿರೆನ್ನುವುದಕ್ಕಿಂತ, ಅವರ ಕಣ್ಣೆದುರಿಗೆ ಒಂದು ಬರಿಯ ಬಟ್ಟೆಯಿಂದ ಆರಂಭಿಸಿ ತೋರಿಸುವುದು ಹೆಚ್ಚು ಫಲಕಾರಿ.

ರೇಖೆಯ ತರುವಾಯ ಮೊದಲ ಬಣ್ಣ. ದೊಡ್ಡ ಕುಂಚವನ್ನು ಹಿಡಿದು, ಕಣ್ಣನ್ನು ಅರೆಮುಚ್ಚಿ, ವಿವರಗಳನ್ನು ಮರೆತು, ನೆರಳಿನ ದೊಡ್ಡ ದೊಡ್ಡ ರಾಶಿಗಳನ್ನು ಮಾತ್ರ ಹಾಕಬೇಕು. ಕಣ್ಣಿನ ರೆಪ್ಪೆ, ರುಮಾಲಿನ ಜರಿ ಇವುಗಳಿಗೆ ಅದಿನ್ನೂ ಕಾಲವಲ್ಲ. ಈ ಪದರದಲ್ಲಿ ಟರ್ಪೆಂಟೈನು ಹೆಚ್ಚು, ಎಣ್ಣೆ ಕಡಿಮೆ ಇರತಕ್ಕದ್ದು. ಮುಂದಿನ ಪದರಗಳಲ್ಲಿ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಬೇಕು. ಜಿಡ್ಡು ಕಡಿಮೆಯಿರುವುದು ಕೆಳಗೆ, ಜಿಡ್ಡು ಹೆಚ್ಚಿರುವುದು ಮೇಲೆ. ತೈಲವರ್ಣದ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಸೂತ್ರವಿಲ್ಲ. ಕಾರಣ ಆಗಲೇ ಹೇಳಿದ ಎಣ್ಣೆಯ ಸ್ವಭಾವದಲ್ಲಿದೆ. ಎಣ್ಣೆ ಹೆಚ್ಚಿರುವ ಪದರ ನಿಧಾನವಾಗಿ ಗಟ್ಟಿಯಾಗುತ್ತದೆ, ಬಹುಕಾಲ ಅಲುಗಾಡುತ್ತಿರುತ್ತದೆ. ಅದರ ಮೇಲೆ ಬೇಗ ಗಟ್ಟಿಯಾಗುವ ಪದರವನ್ನು ಹೊದಿಸಿದರೆ, ಕೆಳಗಿನದು ಸರಿದಾಡಿದಾಗಲೆಲ್ಲ ಮೇಲಿನದು ಬಿರಿಯಲೇಬೇಕು. ಹಾಲಿನ ಮೇಲಣ ಕೆನೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಭಾಭವನದ ಚಿತ್ರದಲ್ಲಿ ಮುಖ ಚೆನ್ನಾಗಿದ್ದು ಕೋಟು ಬಿರಿಯುವುದೇಕೆ ಎಂಬುದಕ್ಕೂ ಇಲ್ಲಿ ಉತ್ತರ ಸಿಗುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ಬಹಳ ಎಣ್ಣೆಯನ್ನು ಕುಡಿಯುವ, ಬಹಳ ನಿಧಾನವಾಗಿ ಒಣಗುವ ಬಣ್ಣ. ಕೋಟಿನ ಭಾಗವನ್ನು ಮೊದಲ ದಿನವೇ ಅದರಿಂದ ದಪ್ಪವಾಗಿ ತುಂಬಿ, ಅದು ಒಳಗೆ ಗಟ್ಟಿಯಾಗುವ ಮುನ್ನ ಮಡಿಕೆಗಳನ್ನೂ ಗುಂಡಿಗಳನ್ನೂ ತೀಡಿದರೆ ಆಗುವುದು ಅದೇ. ಬಿಳಿಯ ವಿಷಯದಲ್ಲಿಯೂ ಎಚ್ಚರ ಬೇಕು. ಕುಸುಬೆ ಎಣ್ಣೆ ಕಡಿಮೆ ಹಳದಿಯಾಗುವುದರಿಂದ ಅನೇಕ ತಯಾರಕರು ಬಿಳಿಯನ್ನು ಅದರಲ್ಲಿಯೇ ಅರೆಯುತ್ತಾರೆ. ಅದರ ಪೊರೆ ಅಗಸೆಯದಷ್ಟು ಗಟ್ಟಿಯಲ್ಲ, ಒಣಗುವುದೂ ತಡ. ಅದು ಮೇಲಿನ ಪದರಗಳಿಗಿರಲಿ.

ಕೆಳಗಿನ ಪದರ ಕೈಕೊಟ್ಟುದಕ್ಕೆ ದೊಡ್ಡ ಉದಾಹರಣೆ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಜೆರಿಕೊ 1818-19ರಲ್ಲಿ ಬರೆದ ‘ಮೆಡ್ಯೂಸಾದ ತೆಪ್ಪ’ ಏಳು ಮೀಟರಿಗೂ ಹೆಚ್ಚು ಅಗಲದ ಚಿತ್ರ. ನೆರಳುಗಳಿಗೆ ಆಳ ಬರಲೆಂದು ಆತನು ಬಿಟುಮೆನ್ ಎಂಬ ಡಾಂಬರಿನ ಜಾತಿಯ ಕಂದನ್ನು ಬಳಸಿದನು. ಹಚ್ಚಿದಾಗ ಅದರ ಸೊಗಸು ಹೇಳತೀರದು. ಅದು ಎಂದಿಗೂ ಪೂರ್ತಿಯಾಗಿ ಒಣಗುವುದಿಲ್ಲ. ಚಿತ್ರದ ನೆರಳುಗಳೆಲ್ಲ ಕಪ್ಪಾಗಿ ಸುಕ್ಕುಗಟ್ಟಿ, ಹಿಂದಿನ ಸ್ಥಿತಿಗೆ ಬಾರದಷ್ಟು ಕೆಟ್ಟಿವೆ.

ಮೊದಲ ಬಣ್ಣ ಹಾಕಿದ ಮೇಲೆ ಮಾಡಬೇಕಾದುದು ಏನೂ ಮಾಡದಿರುವುದು. ಇದು ಎಲ್ಲಕ್ಕಿಂತ ಕಠಿಣ. ವೆನಿಸ್ಸಿನ ಟಿಷನ್ ಮೊದಲ ಪದರವನ್ನು ಧಾರಾಳವಾಗಿ ಹಾಕಿ, ಕ್ಯಾನ್ವಾಸನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ತಿಂಗಳುಗಟ್ಟಲೆ ಅದರತ್ತ ನೋಡುತ್ತಿರಲಿಲ್ಲವೆಂದೂ, ಮತ್ತೆ ತೆಗೆದಾಗ ಕಡುಹಗೆಯನ್ನು ಪರೀಕ್ಷಿಸುವಂತೆ ಅದರ ದೋಷಗಳನ್ನು ಹುಡುಕುತ್ತಿದ್ದನೆಂದೂ ಆತನನ್ನು ಬಲ್ಲ ಪಾಲ್ಮಾ ಹೇಳಿದುದಾಗಿ 1674ರ ಒಂದು ಗ್ರಂಥದಲ್ಲಿ ಬೊಸ್ಕಿನಿ ದಾಖಲಿಸಿದ್ದಾನೆ. ಎಲ್ಲರಿಂದಲೂ ತಿಂಗಳುಗಟ್ಟಲೆ ಕಾಯಲಾಗದು. ತೆಳುವಾದ ಮೊದಲ ಪದರಕ್ಕೆ ಬೇಸಿಗೆಯಲ್ಲಿ ಕೆಲವು ದಿನ ಸಾಕು. ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ಬೇಕಾದೀತು. ಚಿತ್ರದ ಅಂಚಿನಲ್ಲಿ ಉಗುರನ್ನು ಮೆಲ್ಲನೆ ಒತ್ತಿದರೆ ಗುರುತು ಬೀಳಬಾರದು. ಗೋಡೆಗೆ ತಿರುಗಿಸುವ ಟಿಷನ್ನನ ಪದ್ಧತಿಯನ್ನು ಅಕ್ಷರಶಃ ಅನುಸರಿಸುವ ಅಗತ್ಯವೂ ಇಲ್ಲ. ಬೆಳಕಿಲ್ಲದೆಡೆ ಒಣಗಿದ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ. ಗಾಳಿ ಬೆಳಕು ಆಡುವ ಕೋಣೆಯಲ್ಲಿ, ಬಿಸಿಲು ನೇರವಾಗಿ ತಾಗದಂತೆ ಇಟ್ಟರೆ ಸಾಕು.

ಅಂದಿನ ಕೆಲಸ ಮುಗಿದಾಗ ಮಾಡಬೇಕಾದ ಒಂದು ಕಾರ್ಯವನ್ನು ಚಿತ್ರಕಲೆಯ ಪುಸ್ತಕಗಳು ಕೆಲವೊಮ್ಮೆ ಹೇಳದೆ ಬಿಡುತ್ತವೆ. ಅಗಸೆ ಎಣ್ಣೆ ಗಾಳಿಯೊಡನೆ ಬೆರೆಯುವಾಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆಮಾಡಿ ಮೂಲೆಯಲ್ಲೋ ಕಸದ ಬುಟ್ಟಿಯಲ್ಲೋ ಒಟ್ಟಿದರೆ ಆ ಶಾಖಕ್ಕೆ ಹೊರಹೋಗಲು ದಾರಿಯಿಲ್ಲದೆ, ಯಾರೂ ಕಿಡಿ ಸೋಕಿಸದಿದ್ದರೂ ಕೆಲವು ಗಂಟೆಗಳಲ್ಲಿ ಅವು ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ಶಾಲೆಯ ಚಿತ್ರಕಲಾ ಕೊಠಡಿಯಲ್ಲಿ ಬೀಗ ಹಾಕಿ ಮನೆಗೆ ಹೋಗುವ ಮುನ್ನ ಚಿಂದಿಗಳನ್ನು ನೀರಿನಲ್ಲಿ ನೆನೆಸಿ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಬೇಕು, ಇಲ್ಲವೇ ಹೊರಗೆ ಒಂದೊಂದಾಗಿ ಹರವಬೇಕು. ಟರ್ಪೆಂಟೈನನ್ನು ಕಿಟಕಿ ತೆರೆದೇ ಬಳಸತಕ್ಕದ್ದು. ಸೀಸದ ಬಿಳಿ ವಿಷ. ಮಕ್ಕಳ ಕೈಗೆ ಅದನ್ನು ಕೊಡಲೇಬಾರದು, ಟೈಟೇನಿಯಂ ಬಿಳಿ ಅವರಿಗೆ ಧಾರಾಳವಾಗಿ ಸಾಕು.

ಇನ್ನು ಚಿತ್ರ ಬರೆಯಿಸುವವರಿಗೆ ಸಂಬಂಧಿಸಿದ ಮಾತು. ಸಮಾರಂಭದ ದಿನಾಂಕವನ್ನು ಅಚ್ಚುಹಾಕಿಸಿ, ಅತಿಥಿಗಳನ್ನು ಆಮಂತ್ರಿಸಿ, ಇನ್ನು ಹದಿನೈದು ದಿನ ಉಳಿದಿರುವಾಗ ಚಿತ್ರಕಾರನನ್ನು ಕರೆಸುವ ರೂಢಿ ಎಲ್ಲೆಡೆಯೂ ಇದೆ. ಹದಿನೈದು ದಿನಗಳಲ್ಲಿ ಹೋಲಿಕೆ ಬರುತ್ತದೆ, ಚಿತ್ರ ಬರುವುದಿಲ್ಲ. ನೆಲಕ್ಕೆ ಒಂದು ವಾರ, ಮೊದಲ ಪದರ ಒಣಗಲು ಇನ್ನೊಂದು ವಾರ, ಮುಂದಿನ ಎರಡು ಮೂರು ಪದರಗಳ ನಡುವೆ ಅದಕ್ಕಿಂತ ಹೆಚ್ಚಿನ ಬಿಡುವು ಎಂದು ಲೆಕ್ಕ ಹಾಕಿದರೆ ಎರಡು ಮೂರು ತಿಂಗಳಾದರೂ ಬೇಕು. ಕೊನೆಯ ವಾರ್ನಿಷನ್ನು ಮಾತ್ರ ಸಮಾರಂಭಕ್ಕಾಗಿ ಬಳಿಯಲೇಕೂಡದು. ಒಳಗಿನ ಎಣ್ಣೆ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷದವರೆಗೆ ಹಿಡಿಯುತ್ತದೆ. ಅದಕ್ಕೆ ಮುಂಚೆ ವಾರ್ನಿಷಿನ ಮುಚ್ಚಳ ಬಿದ್ದರೆ ಅದು ಹಸಿ ಬಣ್ಣಕ್ಕೆ ಅಂಟಿಕೊಂಡು ಬಿರಿಯುತ್ತದೆ, ಮುಂದೆ ಶುಚಿಗೊಳಿಸಲು ತೆಗೆಯಹೋದರೆ ಬಣ್ಣವೂ ಜೊತೆಗೆ ಏಳುತ್ತದೆ. ಅನಾವರಣಕ್ಕೆ ಚಿತ್ರವನ್ನು ಹಾಗೆಯೇ ತೂಗುಹಾಕಿ, ಮರುವರ್ಷದ ಬೇಸಿಗೆಯಲ್ಲಿ, ಗಾಳಿ ಒಣಗಿರುವ ಒಂದು ದಿನ ಕೆಳಗಿಳಿಸಿ, ಧೂಳು ಒರೆಸಿ, ವಾರ್ನಿಷು ಕೊಡಿಸಲು ಒಪ್ಪಂದದಲ್ಲಿಯೇ ಗೊತ್ತುಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ ಸಣ್ಣ ಮೊತ್ತವನ್ನೂ ಮೊದಲೇ ತೆಗೆದಿರಿಸಿದರೆ ಚಿತ್ರಕಾರನು ಮತ್ತೊಮ್ಮೆ ಬರಲು ತಪ್ಪುವುದಿಲ್ಲ.